ನೇರನುಡಿಗೆ ನಾನು ಒತ್ತಿದ ಮುದ್ರೆ

ನಮ್ಮ ಊರಿನಲ್ಲಿ ಬಾಗಿಲನ್ನು ಯಾರೂ ತಳ್ಳುವುದಿಲ್ಲ. ಹೆಸರು ಹಿಡಿದು ಕರೆದು ‘ತೆರಿ’ ಅನ್ನುತ್ತೇವೆ, ಅದು ತೆರೆದುಕೊಳ್ಳುತ್ತದೆ. ಛತ್ರಿಗೂ ‘ತೆರಿ’ ಅಂತಲೇ ಹೇಳುವುದು, ಪೇಟೆಯ ಅಂಗಡಿ ಹಲಗೆಗಳಿಗೂ ಅದೇ ಮಾತು. ಛತ್ರಿ ಬಾಗಿಲಿನ ಹಾಗೆ ತೆರೆಯುವುದಿಲ್ಲ, ಹಲಗೆ ಛತ್ರಿಯ ಹಾಗೆ ತೆರೆಯುವುದಿಲ್ಲ. ಯಾವುದು ಹೇಗೆ ತೆರೆಯಬೇಕೆಂಬುದು ಅದಕ್ಕೇ ಗೊತ್ತು. ಹೆಸರು ಹಿಡಿದು ಕರೆಯುವ ಪದ್ಧತಿ ಬಂದದ್ದು ನಮ್ಮ ಅಜ್ಜಿಯ ಕಾಲದಲ್ಲಿ. ಯಾರೋ ಒಬ್ಬಾತ ಓಣಿಯ ನಡುವೆ ನಿಂತು ಬರೀ ‘ತೆರಿ’ ಎಂದು ಕೂಗಿದನಂತೆ. ಬಾಗಿಲು, ಪೆಟ್ಟಿಗೆ, ಹಿಟ್ಟಿನ ಡಬ್ಬಿ, ಬಚ್ಚಲುಮನೆಗಳ ಕದ ಎಲ್ಲ ಒಟ್ಟಿಗೆ ತೆರೆದುಕೊಂಡು, ಓಣಿಯವರು ಒಂದು ವಾರ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.

ಆಮೇಲೆ ವಸ್ತುಗಳ ಜೊತೆ ಮಾತಾಡಲಿಕ್ಕೆಂದೇ ಭಾಷೆಗಳು ಹುಟ್ಟಿದವು. ನೇಕಾರರದೊಂದು, ಅಡುಗೆಯವರದೊಂದು, ಹೊಳೆಯ ಕೆಲಸದವರದೊಂದು. ಬಾಯಲ್ಲಿ ಹೇಳಬಹುದು, ಹಾಳೆಯಲ್ಲಿ ಬರೆದು ಪುರಸಭೆಯ ಗೋಪುರದ ಕಿಂಡಿಗೆ ಹಾಕಿದರೂ ವಸ್ತುವಿಗೆ ತಲುಪುತ್ತದೆ. ಯಾರಾದರೂ ಹೊಸ ಭಾಷೆ ಕಟ್ಟಿದರೆ ಅದು ನಿಜಕ್ಕೂ ವಸ್ತುಭಾಷೆ ಹೌದೋ ಅಲ್ಲವೋ ಎಂದು ಪರೀಕ್ಷಿಸಿ ಮುದ್ರೆ ಒತ್ತಬೇಕು. ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದವಳು ನಾನು. ಅದಕ್ಕೂ ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದೆ. ಹಾಗಾಗಿ ಊರಿನವರಿಗೆ ನಾನು ಇವತ್ತಿಗೂ ಅಕ್ಕಾರು.

ಪರೀಕ್ಷೆಗೆ ಒಂದು ಪುಸ್ತಕವಿತ್ತು, ಅದರಲ್ಲಿ ಎಂಟು ಪ್ರಶ್ನೆ. ಈ ಭಾಷೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಕುಲ ಇದೆಯೇ? ಹಿರಿಯ ಕುಲದ ನಡತೆ ಕಿರಿಯ ಕುಲಕ್ಕೆ ಬಳುವಳಿಯಾಗಿ ಬರುತ್ತದೆಯೇ? ವಸ್ತುವಿನ ಒಳಗಿನದಕ್ಕೂ ಹೊರಗಿನದಕ್ಕೂ ನಡುವೆ ಗೋಡೆ ಇದೆಯೇ? ಹೀಗೆ. ಎಂಟಕ್ಕೂ ಹೌದು ಅಂತ ಬಂದರೆ ಮುದ್ರೆ. ಪುಸ್ತಕವನ್ನು ಬರೆದವರು ಯಾರೋ ನನಗೆ ಗೊತ್ತಿರಲಿಲ್ಲ. ಅದರ ಅಂಚುಗಳೆಲ್ಲ ಹರಿದು, ಅಂಟಿನಿಂದ ಗಟ್ಟಿಯಾಗಿದ್ದವು.

ಗುರುಶಾಂತ ನಲವತ್ತು ಹಾಳೆಗಳ ಕಟ್ಟು ಹಿಡಿದು ಬಂದದ್ದು ಒಂದು ಬೇಸಿಗೆಯ ಬೆಳಿಗ್ಗೆ. ನಾನು ಶಾಲೆಯಲ್ಲಿದ್ದಾಗ ನನ್ನ ಕೈಕೆಳಗೆ ಕಲಿತವನು, ಆಗಲೇ ಚುರುಕು. ಈಗ ಮೂವತ್ತು ದಾಟಿತ್ತು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗುತ್ತಿತ್ತು. ತನ್ನ ಭಾಷೆಗೆ ನೇರನುಡಿ ಅಂತ ಹೆಸರಿಟ್ಟಿದ್ದ.

“ಅಕ್ಕಾರ, ಎಂಟಕ್ಕ ಎಂಟೂ ಹೌದು ಅಂತನ ಬರತೈತಿ. ನೀವ ನೋಡ್ರಿ,” ಅಂದ.

ಎರಡು ದಿನ ಕೂತು ನೋಡಿದೆ. ಚೊಕ್ಕ ಕೆಲಸ. ಕುಲಗಳಿದ್ದವು, ಬಳುವಳಿ ಇತ್ತು, ಗೋಡೆ ಇತ್ತು. ಮೂವತ್ತೇಳನೆಯ ಹಾಳೆಗೆ ಬಂದಾಗ ಮಾತ್ರ ಕಣ್ಣು ನಿಂತಿತು. ಅವನನ್ನು ಕರೆಸಿದೆ.

“ಇದೇನಪಾ ಇದು?”

“ಅದು ನೇರ ಬರಿಯೂದ್ರಿ. ಒಲಿಗೆ ಹಾಲು ಕಾಸು ಅಂತ ಯಾಕ ಹೇಳಬೇಕು? ಒಲಿಯ ಉರಿ ಐದು ಅಂತ ಬರದ್ರ ಸಾಕು, ಉರಿ ಐದು ಆಗಿಬಿಡತೈತಿ.”

“ಆವಾಗ ಒಲಿ ಏನ ಮಾಡತೈತಿ?”

“ಅದೇನೂ ಮಾಡೂದಿಲ್ರಿ. ಅದರ ಒಳಗಿಂದು ನಾವ ತಿದ್ದಿರತೀವಲ್ಲ.”

“ಗೋಡಿ ಇರಬೇಕು ಅಂತೈತಿ ಪುಸ್ತಕದಾಗ.”

“ಗೋಡಿ ಐತಲ್ರಿ. ಗೋಡಿಗೆ ಕಿಡಕಿ ಇರಬಾರದು ಅಂತ ಎಲ್ಲೈತಿ ಹೇಳ್ರಿ.”

ಎಲ್ಲೂ ಇರಲಿಲ್ಲ. ನಾನು ಮತ್ತೊಮ್ಮೆ ಪುಸ್ತಕ ತಿರುವಿದೆ. ಮನಸ್ಸಿನೊಳಗೆ ಏನೋ ಮಿಸುಕಾಡುತ್ತಿತ್ತು. ಆದರೆ ಅದಕ್ಕೆ ಪ್ರಶ್ನೆಯ ರೂಪ ಕೊಡಲಾಗಲಿಲ್ಲ. ನನ್ನ ವಿದ್ಯಾರ್ಥಿ ಅನ್ನುವ ಅಭಿಮಾನವೂ ಇತ್ತು. ಹಳೆಯ ಕಾಲದವಳು, ಹೊಸದೆಂದರೆ ಹೆದರುತ್ತಾಳೆ ಅಂದಾರು ಅನ್ನುವ ಅಳುಕೂ ಇತ್ತು. ಮುದ್ರೆ ಒತ್ತಿದೆ.

ನೇರನುಡಿ ಆರು ತಿಂಗಳಲ್ಲಿ ಊರು ತುಂಬಿತು. ಕಲಿಯುವುದು ಸುಲಭ, ಬರೆಯುವುದು ಬೇಗ. ಮೊದಲಾದರೆ ವಸ್ತು ತನ್ನ ಮರ್ಜಿಯಲ್ಲಿ ಮಾಡುವವರೆಗೆ ಕಾಯಬೇಕಿತ್ತು, ಈಗ ಬರೆದ ಕೂಡಲೇ ಆಗಿಬಿಡುತ್ತಿತ್ತು. ಮಗ್ಗದವರು ಎಳೆಯ ಬಿಗಿ ಇಷ್ಟು ಅಂತ ಬರೆದರು, ಗಾಣದವರು ಸುತ್ತು ಇಷ್ಟು ಅಂತ ಬರೆದರು. ಸಣ್ಣಪುಟ್ಟ ತಾಪತ್ರಯಗಳೂ ಶುರುವಾದವು. ನಮ್ಮ ಪಕ್ಕದ ಮನೆಯವರು ತೊಟ್ಟಿಲಿನ ತೂಗು ಎಂಟು ಅಂತ ಬರೆದು ಹಿತ್ತಲಿಗೆ ಹೋಗಿದ್ದರು. ಕೂಸು ನಿದ್ದೆ ಹೋದರೂ ತೊಟ್ಟಿಲು ಎಂಟರಲ್ಲೇ ತೂಗುತ್ತಿತ್ತು. ಕೂಸು ಎದ್ದು ಚೀರುವಾಗಲೂ ಎಂಟರಲ್ಲೇ. ಹಾಲು ಉಕ್ಕಿ ಒಲೆಗಳು ನಾತ ಹೊಡೆಯತೊಡಗಿದವು. ‘ಹಾಲು ಕಾಸು’ ಅಂದಾಗ ಹಾಲು ಮೇಲೆ ಬರುತ್ತಿದ್ದಂತೆ ಒಲೆ ತಾನೇ ಉರಿ ತಗ್ಗಿಸಿಕೊಳ್ಳುತ್ತಿತ್ತೆಂಬುದು ನಮಗೆ ತಿಳಿದದ್ದು ಅದು ತಗ್ಗಿಸಿಕೊಳ್ಳುವುದನ್ನು ಬಿಟ್ಟ ಮೇಲೆಯೇ. ಜನ ಹೊಂದಿಕೊಂಡರು. ಒಲೆಯ ಮುಂದೆ ಒಬ್ಬರನ್ನು ಕೂರಿಸಿದರು, ತೊಟ್ಟಿಲ ಮುಂದೆ ಒಬ್ಬರನ್ನು ಕೂರಿಸಿದರು.

ಹೊಳೆಯ ಮೇಲೆ ಒಂದು ಎತ್ತುಸೇತುವೆ ಇತ್ತು, ದೊಡ್ಡವ್ವ ಅಂತ ಅದರ ಹೆಸರು. ದೋಣಿ ಬಂದರೆ ‘ಏಳು’ ಅನ್ನಬೇಕು, ಮೇಲೆ ಏಳುತ್ತಿತ್ತು. ದೋಣಿ ದಾಟಿದ ಮೇಲೆ ‘ಇಳಿ’. ಅದನ್ನು ನೋಡಿಕೊಳ್ಳುತ್ತಿದ್ದವಳು ಬಾಳವ್ವ, ಐವತ್ತೈದರ ಹೆಂಗಸು. ದಡದ ಚೌಕಿಯಲ್ಲಿ ಎಲೆ ಅಡಿಕೆಯ ಚೀಲ ಇಟ್ಟುಕೊಂಡು ಇಪ್ಪತ್ತಾರು ವರ್ಷ ಕೂತವಳು. ಅವಳದು ಹೊಳೆಯವರ ಕರೆನುಡಿ: ಹೆಸರು, ಆಮೇಲೆ ಒಂದು ಮಾತು, ಅಷ್ಟೇ. ಶಾಲೆಯ ಗಂಟೆಗೂ ಅದೇ ಭಾಷೆಯ ಹಾಳೆ ಇತ್ತು. ಎಂಟಕ್ಕೆ ಬಾರಿಸುವ ಮೊದಲು ಅದು ದೊಡ್ಡವ್ವನನ್ನು ಕರೆದು ‘ಇಳಿ’ ಅನ್ನುತ್ತಿತ್ತು, ಆಚೆ ದಡದ ಮಕ್ಕಳು ದಾಟಿ ಬರಲೆಂದು. ನೇರನುಡಿ ಬಂದ ಮೇಲೆ ಗೋಪುರದ ಗುಮಾಸ್ತ ತಾನೂ ಸೇತುವೆಗೆ ಹಾಳೆ ಹಾಕತೊಡಗಿದ, ಎತ್ತರ ಇಷ್ಟು ಅಂತ. ಬಾಳವ್ವ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಆ ದಿನ ಮಧ್ಯಾಹ್ನ ಆಚೆ ದಡದಲ್ಲಿ ಮದುವೆಯ ದಿಬ್ಬಣ ನಿಂತಿತ್ತು. ಸೇತುವೆ ಮೇಲಕ್ಕೆದ್ದಿತ್ತು. ಕೆಳಗೆ ದಾವಲಸಾಬನ ಸುಣ್ಣದ ದೋಣಿ ನಿಧಾನವಾಗಿ ಬರುತ್ತಿತ್ತು, ಮೂರು ತಲೆಮಾರಿನಿಂದ ಸುಣ್ಣ ಸಾಗಿಸುವ ಮನೆತನ. ದಿಬ್ಬಣದವರು ಮುಹೂರ್ತ ಮೀರುತ್ತದೆಂದು ಕೂಗಾಡಿದರು. ಬಾಳವ್ವ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ “ದೊಡ್ಡವ್ವಾ, ಇಳಿ” ಅಂದಳು. ದೋಣಿ ಇನ್ನೂ ಸೇತುವೆಯ ಕೆಳಗೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಸೇತುವೆ ಒಮ್ಮೆಲೇ ಕೆಳಗೆ ಬಿತ್ತು. ದೋಣಿ ಎರಡು ತುಂಡಾಯಿತು, ಹೊಳೆ ಬೆಳ್ಳಗಾಯಿತು. ದಾವಲಸಾಬನನ್ನು ಹೊರಗೆಳೆದಾಗ ಅವನ ಬಲಗಾಲು ಮೊಣಕಾಲಿನಿಂದ ಕೆಳಗೆ ಉಳಿದಿರಲಿಲ್ಲ. ಸೇತುವೆಯ ತೊಲೆ ಮುರಿದು ನೀರಿನಲ್ಲಿ ವಾಲಿಕೊಂಡಿತು.

ದೋಣಿ ಕೆಳಗಿರುವಾಗ ಬಾಳವ್ವ ‘ಇಳಿ’ ಅಂದದ್ದನ್ನು ನೂರು ಜನ ಕೇಳಿದ್ದರು. ಸಂಜೆಯೊಳಗೆ ಅವಳ ಕೆಲಸ ಹೋಯಿತು. ಅವಳು ಎದುರಾಡಲಿಲ್ಲ. ತಾನೇ ಮಾಡಿದೆನೆಂದು ಅವಳೂ ನಂಬಿದ್ದಳು.

ಪುರಸಭೆಯ ಅಧ್ಯಕ್ಷ ಶಂಕ್ರೆಪ್ಪನವರು ವರದಿ ಬರೆಯಲು ನನಗೆ ಹೇಳಿದರು. ಭಾಷೆಯ ವಿಷಯ ಅಂತ ಅಲ್ಲ, ಬರೆಯಲು ಬರುವವಳು ಅಂತ. ಬಾಳವ್ವನ ಮನೆಗೆ ಹೋದೆ. ಅವಳು ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದಳು.

“ದೋಣಿ ಕೆಳಗಿತ್ತು. ನಿನಗ ಕಾಣಿಸಲಿಲ್ಲೇನು?” ಅಂದೆ.

“ಕಾಣಿಸಿತ್ರಿ.”

“ಮತ್ತ ಯಾಕ ಇಳಿ ಅಂದಿ?”

“ದಿನಾ ಹಂಗ ಅಂತಿದ್ನಿರಿ. ನಾ ಹೇಳೂದು ಹೇಳತೀನಿ. ಅದು ಕೆಳಗ ಯಾರದಾರ, ಮ್ಯಾಲ ಯಾರದಾರ ಅಂತ ತಾನ ನೋಡಿ, ಎಲ್ಲಾರೂ ಸರದ ಮ್ಯಾಲ ಇಳೀತಿತ್ತು. ಇಪ್ಪತ್ತಾರು ವರ್ಷ ನೋಡೈತ್ರಿ. ಅವತ್ತ ಯಾಕ ನೋಡಲಿಲ್ಲೋ.” ಆಮೇಲೆ, “ಮೊದಲಿಗೆ ನೋಡಿತ್ರಿ,” ಅಂದಳು.

“ಹಂಗಂದ್ರ?”

“ನಾ ಇಳಿ ಅಂದ್ನಿ. ಅದು ನಿಂತೇ ಇತ್ತು. ನಾ ಕುಂತು ಚೀಲ ಬಿಚ್ಚಿ, ಎಲಿ ಒರಸಿ, ಸುಣ್ಣಾ ಹಚ್ಚಿ, ಬಾಯಿಗೆ ಹಾಕ್ಕೊಂಡ್ನಿ. ಆಮ್ಯಾಲ ಬಿತ್ತು. ಅದು ಇಳಿದಂಗ ಇರಲಿಲ್ರಿ ಅಕ್ಕಾರ. ಯಾರೋ ಹಿಡದು ಕೆಳಗ ಕುಕ್ಕಿದಂಗಿತ್ತು.”

ನಾನು ಅಲ್ಲಿಂದ ನೇರ ಗೋಪುರಕ್ಕೆ ಹೋದೆ. ಕಿಂಡಿಗೆ ಹಾಕಿದ ಹಾಳೆಗಳನ್ನೆಲ್ಲ ದಾರಕ್ಕೆ ಪೋಣಿಸಿ ಇಡುತ್ತಾರೆ. ಆ ಮಧ್ಯಾಹ್ನದ ಹಾಳೆ ಸಿಕ್ಕಿತು. ಗುಮಾಸ್ತನ ಗುಂಡು ಅಕ್ಷರ, ನೇರನುಡಿ: ದೊಡ್ಡವ್ವನ ಎತ್ತರ ಸೊನ್ನೆ. ದಿಬ್ಬಣದಲ್ಲಿ ಅವನ ನೆಂಟರಿದ್ದರು. ಕಾಯಿಸುವುದು ಬೇಡವೆಂದು ಹಾಕಿದ್ದ. ತನ್ನ ಹಾಳೆಯಿಂದಲೇ ಹೀಗಾಯಿತೆಂದು ಆ ಪಾಪದವನಿಗೆ ಹೊಳೆದೂ ಇರಲಿಲ್ಲ. ಬಾಳವ್ವ ಕೂಗಿದ್ದು ಗೋಪುರದವರೆಗೂ ಕೇಳಿತ್ತಲ್ಲ.

ಸೇತುವೆಗೆ ಇಳಿ ಅಂದರೆ ಅದು ನೋಡಿ ಇಳಿಯುತ್ತದೆ. ಎತ್ತರ ಸೊನ್ನೆ ಅಂದರೆ ಸೇತುವೆಯನ್ನು ಯಾರೂ ಏನೂ ಕೇಳಿಯೇ ಇಲ್ಲ. ಹಾಳೆ ಕೈಯಲ್ಲಿ ಹಿಡಿದು ಗೋಪುರದ ಮೆಟ್ಟಿಲಿನ ಮೇಲೆ ಕೂತೆ. ಆ ದಿನ ಮೂವತ್ತೇಳನೆಯ ಹಾಳೆಯಲ್ಲಿ ನನಗೆ ಕೇಳಲು ಬಾರದೆ ಉಳಿದ ಪ್ರಶ್ನೆ ಏನೆಂದು ಈಗ ತಿಳಿಯಿತು. ತಿಳಿಯಲು ಒಬ್ಬನ ಕಾಲು ಹೋಗಬೇಕಾಯಿತು.

ಮರುದಿನ ಸಭೆಯಲ್ಲಿ ಹಾಳೆಯನ್ನು ಮೇಜಿನ ಮೇಲಿಟ್ಟೆ. ಬಾಳವ್ವನದು ತಪ್ಪಲ್ಲ ಅಂದೆ. ನೇರನುಡಿ ವಸ್ತುಭಾಷೆಯೇ ಅಲ್ಲ, ಅದಕ್ಕೆ ಮುದ್ರೆ ಒತ್ತಿದ ನಾನು ತಪ್ಪಿತಸ್ಥೆ ಅಂದೆ.

ಶಂಕ್ರೆಪ್ಪನವರು ಕನ್ನಡಕ ತೆಗೆದಿಟ್ಟರು. “ಗುಮಾಸ್ತ ದುಡುಕ್ಯಾನ. ಅವನ್ನ ಬ್ಯಾರೆ ಕಡೆ ಹಾಕೋಣ. ಭಾಷೆಗೆ ಯಾಕ ದೂರ್ತೀರಿ? ಇಡೀ ಊರ ಅದರಾಗ ನಡದೈತಿ.”

ಗುರುಶಾಂತನೂ ಬಂದಿದ್ದ. ಮುಖ ಬಾಡಿತ್ತು, ಆದರೂ ತನ್ನ ಭಾಷೆಯನ್ನು ಬಿಟ್ಟುಕೊಡಲಿಲ್ಲ. “ಅಕ್ಕಾರ, ಕುಲ ಐತಿ, ಬಳುವಳಿ ಐತಿ, ಗೋಡಿ ಐತಿ. ಇದು ವಸ್ತುಭಾಷೆ ಅಲ್ಲಂದ್ರ ಮತ್ತ್ಯಾವುದು? ಬಾಳವ್ವನ ಕರೆನುಡಿಗೆ ಕುಲ ಅನ್ನೂದ ಇಲ್ಲ. ಎಂಟು ಪ್ರಶ್ನಿಯೊಳಗ ಅದು ಮೂರೂ ದಾಟೂದಿಲ್ಲ.”

ಅದು ನಿಜವೇ ಆಗಿತ್ತು. ಕರೆನುಡಿ ಪುಸ್ತಕಕ್ಕಿಂತ ಹಳೆಯದು, ಅದನ್ನು ಯಾರೂ ಪರೀಕ್ಷೆಗೇ ಕೂರಿಸಿರಲಿಲ್ಲ. ನನ್ನ ಹತ್ತಿರ ಇದ್ದ ಉತ್ತರ ಸಭೆಗೆ ಒಪ್ಪಿಸುವ ಹಾಗೆ ಇರಲಿಲ್ಲ. ಗುಮಾಸ್ತನ ತಪ್ಪು, ಮೇಲ್ವಿಚಾರಣೆಯಲ್ಲಿ ಬಾಳವ್ವನದೂ ಪಾಲಿದೆ ಎಂದು ಬರೆದುಕೊಂಡು ಸಭೆ ಎದ್ದಿತು. ಬಾಳವ್ವನಿಗೆ ಕೆಲಸ ವಾಪಸು ಸಿಗಲಿಲ್ಲ.

ಸೇತುವೆ ಮುರಿದು ಹದಿನೈದು ದಿನವಾಯಿತು. ಆಚೆ ದಡದ ಮಕ್ಕಳಿಗೆ ಶಾಲೆಯಿಲ್ಲ, ಸೂಲಗಿತ್ತಿ ಎರಡು ಮೈಲಿ ಸುತ್ತಿ ಬರಬೇಕು. ಗೋಪುರದಲ್ಲಿ ಹೊಸ ಸೇತುವೆಯ ಮಾತು ನಡೆದಿತ್ತು, ಮಾತು ಮಾತ್ರ. ಆಗ ಬಾಳವ್ವ ಯಾರನ್ನೂ ಕೇಳದೆ ದೋಣಿಯವರ ಮನೆಗಳಿಗೆ ಹೋಗಿ ಹಳೆಯ ದೋಣಿಗಳನ್ನು ಬೇಡಿದಳು. ಹನ್ನೊಂದು ಸಿಕ್ಕವು. ಅವುಗಳಲ್ಲಿ ಒಂದು ದಾವಲಸಾಬನ ಮನೆಯದೇ, ಅವನ ಹೆಂಡತಿ ಕೊಟ್ಟಿದ್ದು. ದಡದಿಂದ ದಡಕ್ಕೆ ಒಂದರ ಪಕ್ಕ ಒಂದು ಸಾಲಾಗಿ ನಿಲ್ಲಿಸಿ ಮೇಲೆ ಹಲಗೆ ಹಾಸಿದಳು. ನಾಲ್ಕು ದಿನ ಆ ಸಾಲಿನ ಹತ್ತಿರ ಕೂತು ಏನು ಹೇಳಿಕೊಟ್ಟಳೋ, ನಾನು ನೋಡಲಿಲ್ಲ. ಸಾಲಿಗೆ ದೊಡ್ಡವ್ವ ಅಂತಲೇ ಹೆಸರಿಟ್ಟಳು.

ಸೋಮವಾರ ಬೆಳಿಗ್ಗೆ ಶಾಲೆಯ ಗಂಟೆ ಎಂದಿನಂತೆ ಎಂಟಕ್ಕೆ ಮೊದಲು ದೊಡ್ಡವ್ವನನ್ನು ಕರೆದು ‘ಇಳಿ’ ಅಂದಿತು. ಎರಡೂ ದಡಕ್ಕೆ ಸರಿದು ನಿಂತಿದ್ದ ದೋಣಿಗಳು ನಿಧಾನವಾಗಿ ನಡುಹೊಳೆಗೆ ಬಂದು ಒಂದಕ್ಕೊಂದು ತಾಗಿ ನಿಂತವು. ಮಕ್ಕಳು ದಾಟಿದರು. ಕೆಳಗಿನಿಂದ ಮರಳಿನ ದೋಣಿ ಬಂತು, ಅದರವನು ಅಭ್ಯಾಸಬಲದಿಂದ “ದೊಡ್ಡವ್ವಾ, ಏಳು” ಅಂದ. ದೋಣಿಸಾಲು ಎದ್ದೇಳಲಿಲ್ಲ, ದೋಣಿಗಳು ಏಳುವುದುಂಟೇ? ಹಲಗೆಯ ಮೇಲಿದ್ದ ಒಬ್ಬ ಮುದುಕಿ ದಡ ಸೇರುವವರೆಗೆ ಕಾದು, ನಡುವೆ ಬಿರಿದು ದಾರಿ ಕೊಟ್ಟಿತು. ಶಾಲೆಯ ಗಂಟೆಯ ಹಾಳೆಯಲ್ಲಿ ಯಾರೂ ಒಂದಕ್ಷರ ತಿದ್ದಿರಲಿಲ್ಲ. ತಾನು ಕರೆದದ್ದು ಮರದ ಸೇತುವೆಯೋ ಹನ್ನೊಂದು ದೋಣಿಗಳೋ ಗಂಟೆಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ಅಷ್ಟರಲ್ಲಿ ಗೋಪುರದಿಂದ ಹೊಸ ಗುಮಾಸ್ತ ಓಡಿ ಬಂದ. ಅವನ ಹಾಳೆಗಳು ಒಂದೂ ನಡೆಯುತ್ತಿರಲಿಲ್ಲ. ಹೊಳೆ ದಾಟುವ ಸಂತೆಯ ಬಂಡಿಗಳದು, ಅಂಚೆಯದು, ಕಸದ ಗಾಡಿಯದು, ನೂರಾ ನಲವತ್ತು ಹಾಳೆ. ಎಲ್ಲದರಲ್ಲೂ ದೊಡ್ಡವ್ವನ ಎತ್ತರ ಇಷ್ಟು, ದೊಡ್ಡವ್ವನ ಎತ್ತರ ಅಷ್ಟು. ದೋಣಿಸಾಲಿಗೆ ಎತ್ತರವೇ ಇಲ್ಲ. ಇಲ್ಲದ್ದನ್ನು ತಿದ್ದುವುದು ಹೇಗೆ?

ಊರು ದಡದಲ್ಲಿ ಸೇರಿತು. ಶಂಕ್ರೆಪ್ಪನವರು ಬಂದರು. ಗುರುಶಾಂತ ಬಂದ. ನಾನು ಅವನನ್ನು ನೀರಿನ ಹತ್ತಿರಕ್ಕೆ ಕರೆದೊಯ್ದೆ.

“ಇದರ ಕುಲ ಯಾವುದು ಹೇಳು,” ಅಂದೆ.

ನೋಡಿದ. “ದೋಣಿರಿ. ಸೇತುವಿ ಕುಲ ಅಲ್ಲ.”

“ಗಂಟಿ ಕರದ್ರ ಓಗೊಟ್ಟಿತಲ್ಲ?”

“ಕೊಟ್ಟಿತ್ರಿ.”

“ನಿನ್ನ ಹಾಳಿ?”

ಅವನು ಬಗ್ಗಿ, ಒಂದು ದೋಣಿಯ ಅಂಚನ್ನು ಕೈಯಿಂದ ಮುಟ್ಟಿದ. ಹಿಂದೆ ನಿಂತಿದ್ದ ಬಾಳವ್ವ ಹೇಳಿದಳು: “ನಾ ಓದಿದಾಕಿ ಅಲ್ರಿ ಅಣ್ಣಾರ. ನನಗ ತಿಳಿದದ್ದು ಇಷ್ಟ. ನಾವು ಹೇಳಬೇಕು, ಮಾಡೂದು ಅದಕ್ಕ ಬಿಡಬೇಕು. ನಾವ ಒಳಗ ಕೈ ಹಾಕಿದ್ವಿ ಅಂದ್ರ ಆಮ್ಯಾಲ ಅದು ಮಾಡೂದು ಏನ ಉಳೀತೈತ್ರಿ? ಅದು ಬರೇ ಕಟಿಗಿ.”

ಅವತ್ತೇ ಮಧ್ಯಾಹ್ನ ಸಭೆ ಮತ್ತೆ ಸೇರಿತು. ಬಾಳವ್ವನಿಗೆ ಕೆಲಸ ಮರಳಿ ಸಿಕ್ಕಿತು, ಪಾಲು ಗೀಲು ಎಂದು ಬರೆದಿದ್ದ ಸಾಲನ್ನು ಶಂಕ್ರೆಪ್ಪನವರೇ ಹೊಡೆದುಹಾಕಿದರು. ನೇರನುಡಿಯ ಮುದ್ರೆಯನ್ನು ನಾನು ವಾಪಸು ಪಡೆದೆ. ಪರೀಕ್ಷೆಯ ಪುಸ್ತಕದಲ್ಲಿ ಎಂಟು ಪ್ರಶ್ನೆಗಳ ಮೇಲೆ, ಎಲ್ಲಕ್ಕೂ ಮೊದಲು, ಒಂದು ಪ್ರಶ್ನೆ ಬರೆದೆ: ಈ ಭಾಷೆಯಲ್ಲಿ ವಸ್ತುವಿಗೆ ಹೇಳುತ್ತಾರೋ, ವಸ್ತುವನ್ನು ತಿದ್ದುತ್ತಾರೋ? ತಿದ್ದುತ್ತಾರೆ ಅಂತ ಬಂದರೆ ಮುಂದಿನದನ್ನು ಕೇಳುವುದು ಬೇಡ ಎಂದೂ ಸೇರಿಸಿದೆ. ಕುಲ, ಬಳುವಳಿಯ ಪ್ರಶ್ನೆಗಳನ್ನು ಹೊಡೆಯಲಿಲ್ಲ. ಅವು ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಆಮೇಲೆ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಬೇಡವೆಂದು ಶಂಕ್ರೆಪ್ಪನವರು ಒಂದು ಸಲ ಹೇಳಿದರು, ಎರಡನೆಯ ಸಲ ಹೇಳಲಿಲ್ಲ.

ಊರು ಹಳೆಯ ಮಾತಿಗೆ ಮರಳಲು ಒಂದು ವರ್ಷ ಹಿಡಿಯಿತು. ಬೈದುಕೊಂಡೇ ಮರಳಿದರು. ಎಷ್ಟೋ ಒಲೆಗಳು ಹಾಲು ಕಾಸುವುದನ್ನು ಮರೆತಿದ್ದವು. ಹೇಳಿ ಹೇಳಿ, ಕಾದು ಕಾದು ಮತ್ತೆ ಕಲಿಸಬೇಕಾಯಿತು. ಗುರುಶಾಂತ ನನ್ನ ಮನೆಯ ಕಡೆ ಬರುವುದನ್ನು ಬಿಟ್ಟ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಅನ್ನುತ್ತಿದ್ದ, ನಿಲ್ಲುತ್ತಿರಲಿಲ್ಲ.

ಇಷ್ಟಾದರೂ ನಾನು ಒಂದು ಕಡೆ ಹೋಗಿರಲಿಲ್ಲ. ದಾವಲಸಾಬನ ಮನೆಗೆ ಹಣ್ಣು ಕಳಿಸಿದ್ದೆ, ಔಷಧ ಕಳಿಸಿದ್ದೆ, ನಾನು ಹೋಗಿರಲಿಲ್ಲ. ಸಭೆಯ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸುಲಭ. ಅಲ್ಲಿ ಎಲ್ಲರೂ ಕುರ್ಚಿಯ ಮೇಲೆ ಕೂತಿರುತ್ತಾರೆ. ಕೊನೆಗೆ ಒಂದು ದಿನ ಬೆಳಿಗ್ಗೆ ಹೋದೆ. ಅವನು ಅಂಗಳದಲ್ಲಿ ಗೋಡೆ ಹಿಡಿದು ನಿಂತಿದ್ದ. ಬಲ ಮೊಣಕಾಲಿಗೆ ಮರದ ಕಾಲು ಕಟ್ಟಿತ್ತು, ಹೊಸದು, ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಅವನ ಹೆಂಡತಿ ಹುಸೇನಬಿ ನನಗೆ ಮಣೆ ಹಾಕಿ ಒಳಗೆ ಹೋದಳು.

ನಿಂತುಕೊಂಡೇ ಹೇಳಿದೆ. “ದಾವಲಸಾಬ, ಆ ಭಾಷೆಗೆ ಮುದ್ರಿ ಒತ್ತಿದಾಕಿ ನಾನು. ಒತ್ತೂವಾಗ ನನಗ ಸಂಶಯ ಬಂದಿತ್ತು. ಆದ್ರೂ ಒತ್ತಿದ್ನಿ.”

“ಗೊತ್ತೈತ್ರಿ,” ಅಂದ. “ಗುರುಶಾಂತಣ್ಣಾರು ಹೇಳ್ಯಾರ.”

“ಅವನು ಇಲ್ಲಿ ಬರ್ತಾನೇನು?”

“ವಾರಕ್ಕ ಎರಡು ಸಲ ಬರ್ತಾರ. ಈ ಕಾಲು ಅವರ ಮಾಡಿಸ್ಯಾರ. ಇದಕ್ಕ ಮಾತು ಕಟ್ಟ್ಯಾರ. ಮೂರ ಮಾತು. ನಡಿ, ನಿಲ್ಲು, ಕುಂದ್ರು. ಒಳಗಿಂದು ಏನೂ ಕೇಳಬ್ಯಾಡ, ನನಗೂ ಗೊತ್ತಿಲ್ಲ ಅಂದ್ರು.” ಕಾಲನ್ನು ನೋಡಿಕೊಂಡ. “ಸಿಟ್ಟು ಐತ್ರಿ ಅಕ್ಕಾರ. ಸುಳ್ಳು ಹೇಳೂದಿಲ್ಲ. ನಿಮ್ಮ ಮ್ಯಾಲೂ ಐತಿ, ಅವರ ಮ್ಯಾಲೂ ಐತಿ.”

“ಇರಲಿ,” ಅಂದೆ.

ಅವನು ಗೋಡೆ ಬಿಟ್ಟ. “ನಡಿ” ಅಂದ. ಕಾಲು ತುಸು ತಡೆದು ಮುಂದೆ ಹೋಯಿತು. ಅವನು ಹೋಗಬೇಕೆಂದಿದ್ದ ಕಡೆಗೆ ಪೂರಾ ಅಲ್ಲ, ಸ್ವಲ್ಪ ಓರೆಯಾಗಿ. ಅವನ ಮೈ ಆಮೇಲೆ ಅದನ್ನು ಹಿಂಬಾಲಿಸಿತು. ಬಾಗಿಲಿನವರೆಗೆ ಹೋಗಿ ನಿಂತ. ಹಣೆಯ ಮೇಲೆ ಬೆವರಿತ್ತು.

“ನನ್ನ ನಡಿಗಿ ಬ್ಯಾರೆ, ಇದರ ನಡಿಗಿ ಬ್ಯಾರೆ,” ಅಂದ. “ಹೊಳಿ ತನಕ ಇವತ್ತ ಹೋಗಬೇಕಂತ ಮಾಡೀನಿ. ನೀವೂ ಬರತೀರೇನು?”

ಬರುತ್ತೇನೆ ಅಂದೆ.

“ಹಂಗಾರ ಬಲಕ್ಕ ಬರ್ರಿ. ಇದು ಬಲಕ್ಕ ವಾಲತೈತಿ. ಬೀಳೂಹಂಗ ಆದ್ರ ಹೆಗಲು ಕೊಡ್ರಿ. ಅಲ್ಲೀತನಕ ಮುಟ್ಟಬ್ಯಾಡ್ರಿ.”

ನಾನು ಅವನ ಬಲಕ್ಕೆ ಬಂದೆ. ಓಣಿ ಇಳಿಜಾರಾಗಿತ್ತು. ಅವನು “ನಡಿ” ಅಂದ. ಅದು ನಡೆಯುವವರೆಗೆ ಇಬ್ಬರೂ ಕಾದೆವು.